ರಂಗಂಪೇಟೆಯ ಏರಿನಲ್ಲಿ ನಿಂತ ಕಾರು

ಬ್ರೇಕಿನ ಮೇಲಿಟ್ಟ ಕಾಲನ್ನು ಎತ್ತುವುದೋ ಬೇಡವೋ? ಎತ್ತಿದರೆ ಕಾರು ಹಿಂದಕ್ಕೆ ಉರುಳುತ್ತದೆ, ಹಿಂದೆ ತರಕಾರಿ ಬುಟ್ಟಿಗಳ ಸಾಲಿದೆ. ಎತ್ತದೆ ಕುಳಿತರೆ ಪಕ್ಕದಲ್ಲಿರುವ ಅತಿಥಿಗೆ ಉತ್ತರ ಹೇಳಬೇಕು. ಮೋಟಾರು ಯಾಕೆ ನಿಂತಿತು? ಕೈ ಬ್ರೇಕು ಯಾಕೆ ಹಿಡಿಯುತ್ತಿಲ್ಲ? ಇಷ್ಟು ವರ್ಷ ಒಮ್ಮೆಯೂ ಕೈಕೊಡದ ಗಾಡಿ ಇಂದೇ, ಇಲ್ಲೇ, ಇವರ ಮುಂದೆಯೇ ಯಾಕೆ ಹೀಗೆ ಮಾಡಿತು? ಈ ಪ್ರಶ್ನೆಗಳು ತಲೆಯಲ್ಲಿ ಸುತ್ತುತ್ತಿರುವಾಗಲೇ ಹಿಂದಿನ ಸೀಟಿನ ಕಡೆಯಿಂದ ಬಾಗಿಲು ತೆರೆದ ಸದ್ದು ಕೇಳಿತು. ಆಗ ಉಳಿದವೆಲ್ಲ ಕಳಚಿ ಬಿದ್ದು ಒಂದೇ ಪ್ರಶ್ನೆ ಉಳಿಯಿತು: ಆಕೆ ಹಾರಿಬಿಡುತ್ತಾಳೆಯೇ?

ಅಭಿನಂದನ ಗ್ರಂಥಕ್ಕೆ ಬರೆಯುವವರು ಹೀಗೆ ಏರುರಸ್ತೆಯ ನಡುವೆ ನಿಂತುಹೋದ ಕಾರಿನಿಂದ ಆರಂಭಿಸುವುದು ವಾಡಿಕೆಯಲ್ಲ. ಆದರೆ ನಮ್ಮ ಗುರುಗಳೂ ನಂತರ ನನ್ನ ಹಿರಿಯ ಸಹೋದ್ಯೋಗಿಗಳೂ ಆದ ಶ್ರೀ ಮರಿಲಿಂಗಪ್ಪ ರಾಮಸಮುದ್ರ ಅವರ ಬದುಕಿನ ಕೆಲಸವನ್ನು ಅಳೆಯಬೇಕಾದರೆ ಆ ಏರಿನಿಂದಲೇ ಅಳೆಯಬೇಕು ಎಂದು ನನಗೆ ಅನ್ನಿಸುತ್ತದೆ. ಮೇಲಿನ ಪ್ರಶ್ನೆಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವನ್ನು ಅವರೇ ತರಗತಿಯಲ್ಲಿ ನಗುತ್ತ ಹೇಳುತ್ತಿದ್ದರು. ಕೊನೆಯದನ್ನು ನಾನು ಸೇರಿಸಿದ್ದೇನೆ. ಯಾಕೆ ಸೇರಿಸಿದೆ ಎಂಬುದು ಓದುತ್ತ ಹೋದಂತೆ ತಿಳಿದೀತು.

ವಿದ್ಯುತ್ ಕಾರು ಎಂದರೆ ದೊಡ್ಡ ಊರುಗಳ ದೊಡ್ಡ ಕಂಪನಿಗಳ ಮಾತು ಎಂದು ನಾವೆಲ್ಲ ನಂಬಿದ್ದ ಕಾಲದಲ್ಲಿ, ಶಹಾಪುರದ ಹೊರವಲಯದ ಒಂದು ಪಾಲಿಟೆಕ್ನಿಕ್‌ನ ತಗಡಿನ ಶೆಡ್ಡಿನಲ್ಲಿ, ಡಿಪ್ಲೊಮಾ ಓದುವ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು, ಐದು ಮಂದಿ ಕೂಡಬಹುದಾದ ಕಾರೊಂದನ್ನು ಕಲ್ಪಿಸಿ, ಕಟ್ಟಿ, ಅದು ಕಾರ್ಖಾನೆಯ ಬಾಗಿಲಿನಿಂದ ಹೊರಬರುವ ತನಕ ಬೆನ್ನುಹತ್ತಿದವರು ಮರಿಲಿಂಗಪ್ಪ ಸರ್. ಯಾದಗಿರಿ ಜಿಲ್ಲೆಯ ಯಂತ್ರಶಿಲ್ಪ ಶಿಕ್ಷಣದಲ್ಲಿ ಅವರ ಹೆಸರು ನಿಲ್ಲುವುದು ಇದರಿಂದಲೇ. ಕಂಪನಿ ಆ ಕಾರಿಗೆ ಬೇರೆ ಹೆಸರಿಟ್ಟಿದೆ. ಶಹಾಪುರದಲ್ಲಿ ಮಾತ್ರ ಅದು ಇಂದಿಗೂ ‘ಸರ್ ಗಾಡಿ’.

ಅವರು ಹುಟ್ಟಿದ್ದು ಯಾದಗಿರಿ ತಾಲ್ಲೂಕಿನ ರಾಮಸಮುದ್ರದಲ್ಲಿ. ಡಿಪ್ಲೊಮಾ ಮುಗಿಸಿ ನಾರಾಯಣಪುರದ ಕ್ಯಾಂಪಿಗೆ ಕೆಲಸಕ್ಕೆ ಸೇರಿದಾಗ ಎಡದಂಡೆ ಕಾಲುವೆಯ ಕೆಲಸ ಇನ್ನೂ ನಡೆದಿತ್ತು. ಕೃಷ್ಣೆಯ ನೀರು ಒಂದೊಂದು ಊರನ್ನೇ ಮುಟ್ಟುತ್ತ ಬರುತ್ತಿದ್ದ ಕಾಲ ಅದು. ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ, ಹರಿದು ಬರುವ ನೀರಿನ ತಲೆಯ ಜೊತೆಜೊತೆಗೇ ದಂಡೆಯ ಮೇಲೆ ನಡೆಯುವ ಪದ್ಧತಿ ಕ್ಯಾಂಪಿನವರಲ್ಲಿ ಇತ್ತಂತೆ. ನೀರು ಎಲ್ಲಿ ತಡೆಯುತ್ತದೆ, ಎಲ್ಲಿ ಒಸರುತ್ತದೆ, ಎಲ್ಲಿ ಮಣ್ಣು ಕುಸಿಯುತ್ತದೆ ಎಂದು ಕಣ್ಣಿನಿಂದ ನೋಡಬೇಕು, ಕಿವಿಯಿಂದ ಕೇಳಬೇಕು. ಜೀಪಿನಲ್ಲಿ ಕುಳಿತು ಓಡಾಡಿದರೆ ಜೀಪಿನ ಸದ್ದಿನಲ್ಲಿ ನೀರಿನ ಸದ್ದು ಕೇಳುವುದಿಲ್ಲ. ಹೀಗೆ ನೀರಿನ ಜೊತೆ ನಡೆದವರು ಸರ್, ಮತ್ತು ಆ ನಡಿಗೆಯನ್ನು ಅವರು ಎಂದೂ ಬಿಡಲಿಲ್ಲ.

ಆ ಕ್ಯಾಂಪಿನಲ್ಲಿಯೇ ಅವರ ಸಂಸಾರ ಆರಂಭವಾಯಿತು. ಪತ್ನಿ ದೇವಕಮ್ಮನವರು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ನಂತರ ಶಹಾಪುರಕ್ಕೆ ವರ್ಗವಾಗಿ ಬಂದು ಅಲ್ಲಿಯೇ ನಿವೃತ್ತರಾದರು. ಊರಿನವರೆಲ್ಲ ಅವರನ್ನು ಕರೆಯುವುದು ಅಕ್ಕೋರು, ಅಂದರೆ ಟೀಚರಮ್ಮ, ಎಂದೇ. ಎಡಗಾಲು ಮಡಚಲು ಬಾರದ ಅಕ್ಕೋರು, ಕೈಕೋಲು ಊರಿಕೊಂಡೇ ಶಾಲೆಯ ಮೆಟ್ಟಿಲು ಹತ್ತಿ ಇಳಿದವರು, ಯಾರಾದರೂ ಕೈ ಕೊಡಲು ಬಂದರೆ ಕೋಲನ್ನೇ ಅವರತ್ತ ತೋರಿಸಿ ಹಿಂದಕ್ಕೆ ಕಳಿಸುತ್ತಿದ್ದವರು. ನಾವು ವಿದ್ಯಾರ್ಥಿಗಳು ಅವರಿಗೆ ಸರ್‌ಗಿಂತ ಹೆಚ್ಚು ಹೆದರುತ್ತಿದ್ದೆವು.

ತೊಂಬತ್ತರ ದಶಕದ ನಡುವಿನಲ್ಲಿ ಸರ್ ಕಾಲುವೆಯ ಕೆಲಸ ಬಿಟ್ಟು ಪಾಲಿಟೆಕ್ನಿಕ್‌ನ ಉಪನ್ಯಾಸಕರಾದರು. ಅಧ್ಯಾಪಕರಾಗಿ ಅವರು ಮಾತಿಗಿಂತ ಮೌನದಿಂದ ಹೆಚ್ಚು ಕಲಿಸಿದರು ಎಂದರೆ ಅದು ಹೊಗಳಿಕೆಯ ಮಾತಲ್ಲ, ಅವರ ತರಗತಿಯಲ್ಲಿ ಕುಳಿತವರೆಲ್ಲರ ಅನುಭವ. ಮೌಖಿಕ ಪರೀಕ್ಷೆಯಲ್ಲಿ ಉತ್ತರ ಬಾರದೆ ನಾನು ನೆಲ ನೋಡುತ್ತ ನಿಂತಾಗ, ಹೊರಗಿನಿಂದ ಬಂದ ಪರೀಕ್ಷಕರು ಮುಂದಿನ ಪ್ರಶ್ನೆಗೆ ಹೋಗಲು ಸಿದ್ಧರಾಗಿದ್ದರು. ಸರ್ ಅವರನ್ನು ಕೈಸನ್ನೆಯಿಂದ ತಡೆದು ಸುಮ್ಮನೆ ಕಾದರು. ಎಷ್ಟು ಹೊತ್ತು ಎಂದರೆ, ಉತ್ತರ ತಾನಾಗಿಯೇ ನನ್ನ ಬಾಯಿಗೆ ಬರುವಷ್ಟು ಹೊತ್ತು. ಗೊತ್ತಿಲ್ಲದವನ ಮೌನವೇ ಬೇರೆ, ಗೊತ್ತಿದ್ದೂ ಹೇಳಲಾಗದವನ ಮೌನವೇ ಬೇರೆ ಎಂಬುದನ್ನು ಗುರುತಿಸಬಲ್ಲ ಮನುಷ್ಯರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಎರಡನೆಯ ಬಗೆಯ ಮೌನ ಅವರಿಗೆ ಹೇಗೆ ಅಷ್ಟು ಚೆನ್ನಾಗಿ ಗೊತ್ತಿತ್ತು ಎಂಬ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ರಂಗಂಪೇಟೆಯ ಮಮ್ತಾಜ ನಮ್ಮ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದ ಮೊದಲ ಹುಡುಗಿ. ಅವಳು ಬಂದ ವಾರ ಸರ್ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಭಾಷಣ ಮಾಡಲಿಲ್ಲ. ವರ್ಕ್‌ಶಾಪಿನ ಸಾಮಾನು ಕೋಣೆಯನ್ನು ಖಾಲಿ ಮಾಡಿಸಿ, ಅದಕ್ಕೆ ಒಳಗಿನಿಂದ ಹಾಕುವ ಚಿಲಕ ಕೂಡಿಸಿ, ಬೀಗದ ಕೈಯನ್ನು ಅವಳ ಮೇಜಿನ ಮೇಲಿಟ್ಟು ಹೋದರು. ಕೆಲಸದ ಬಟ್ಟೆ ಹಾಕಿಕೊಳ್ಳಲು ಅವಳಿಗೆ ಒಂದು ಜಾಗ ಬೇಕಿತ್ತು. ಕೇಳಲು ಅವಳಿಗೆ ನಾಚಿಕೆಯಾಗಿತ್ತು. ಕೇಳುವ ತನಕ ಅವರು ಕಾಯಲಿಲ್ಲ.

ಕಾರಿನ ಕಲ್ಪನೆ ಮೂಡಿದ್ದು ಮಮ್ತಾಜಳ ತಂಡದ ಕಾಲದಲ್ಲಿ, ಎರಡು ಸಾವಿರದ ಹದಿನಾರರ ಸುಮಾರಿಗೆ. ಆಗ ನಾನು ಅದೇ ವಿಭಾಗದಲ್ಲಿ ಕಿರಿಯ ಉಪನ್ಯಾಸಕನಾಗಿ ಸೇರಿದ್ದೆ. ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಮಾದರಿಯನ್ನು ತಂದು ಬಣ್ಣ ಬಳಿಯುವುದು ಎಂಬ ರೂಢಿಯನ್ನು ಸರ್ ಮುರಿದರು. ಶೆಡ್ಡಿನ ನೆಲದ ಮೇಲೆ ಸುಣ್ಣದಿಂದ ಐದು ಕುರ್ಚಿಗಳ ಗುರುತು ಹಾಕಿ, ನಿಜವಾದ ಕುರ್ಚಿಗಳನ್ನೇ ಇಟ್ಟು ನಮ್ಮನ್ನು ಕೂಡಿಸಿ, ಇವರ ಸುತ್ತ ಒಂದು ಕಾರು ಕಟ್ಟೋಣ ಎಂದರು. ಮೊದಲು ಕೂಡುವವರು, ನಂತರ ಕಾರು. ಮುಂದಿನ ಸಾಲಿನ ಎಡಗಡೆಯ ಕುರ್ಚಿಯನ್ನು ಅವರು ಬಾಗಿಲಿನ ಕಡೆ ಮುಖ ಮಾಡಿ ತಿರುಗಿಸಿ ಇಟ್ಟಿದ್ದರು. ಇದು ಹೀಗೆಯೇ ಹೊರಳಬೇಕು, ಕುಳಿತವರು ಹೊರಗೆ ಮುಖ ಮಾಡಿ, ಎರಡೂ ಪಾದ ನೆಲಕ್ಕೆ ಊರಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಲ್ಲಬೇಕು ಎಂದು ವಿವರಿಸಿದರು. ಯಾರಿಗಾಗಿ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ ವಯಸ್ಸಾದವರು, ಬಸುರಿಯರು, ಹೊಲದಿಂದ ಗಂಟು ಹೊತ್ತು ಬರುವವರು ಎಂದು ಹೇಳಿದರು. ಉತ್ತರ ಸರಿಯಾಗಿಯೇ ಇತ್ತು.

ಆ ಮಾದರಿ ಕಾರು ನೋಡಲು ಚೆಂದವಿತ್ತು. ಮುಂದೆ ದುಂಡಗಿನ ಗಾಜು, ಮಾಡಿನ ಮೇಲೆ ಸೌರಫಲಕ, ಒಳಗೆ ಬೇವಿನ ಕಟ್ಟಿಗೆಯ ಡ್ಯಾಶ್‌ಬೋರ್ಡ್. ಎಂಜಿನ್ ಇಲ್ಲದ್ದರಿಂದ ಸದ್ದೂ ಇಲ್ಲ. ಆ ನಿಶ್ಶಬ್ದವೇ ಸರ್‌ಗೆ ಎಲ್ಲಕ್ಕಿಂತ ಇಷ್ಟ. ಕಾಲುವೆಯ ದಂಡೆಯ ಮೇಲೆ ಮಮ್ತಾಜ ಅಥವಾ ನಾನು ಕಾರನ್ನು ನಡಿಗೆಯ ವೇಗದಲ್ಲಿ ಬಿಡುತ್ತಿದ್ದರೆ, ಅವರು ಪಕ್ಕದಲ್ಲಿ ತಲೆ ತಗ್ಗಿಸಿ ಕಿವಿಗೊಟ್ಟು ನಡೆಯುತ್ತಿದ್ದರು. ಮೊದಲ ನೀರಿನ ಜೊತೆ ನಡೆದ ಹಾಗೆಯೇ. ಸಡಿಲವಾದ ಬೋಲ್ಟು ಎಲ್ಲಿದೆ, ಯಾವ ಗಾಲಿ ತಿಕ್ಕುತ್ತಿದೆ ಎಂದು ಆ ಮೌನದಲ್ಲಿ ಅವರಿಗೆ ಕೇಳುತ್ತಿತ್ತು. ಕಪ್ಪು ಮಣ್ಣಿನ ಕೆಸರಿನಲ್ಲಿ ಗಾಲಿ ಹೂತರೂ ಮೋಟಾರು ಒಂದು ಗಳಿಗೆ ಜೋರು ಮಾಡಿ ಹೊರಗೆ ಬರುತ್ತಿತ್ತು. ಮಳೆಗಾಲ, ಬೇಸಿಗೆ, ಭತ್ತದ ಸುಗ್ಗಿ, ಎಲ್ಲ ಕಾಲದಲ್ಲಿಯೂ ಓಡಿಸಿದೆವು. ಎಲ್ಲವೂ ಶಹಾಪುರದ ಶಾಖಾ ಕಾಲುವೆಯ ದಂಡೆಯ ಮೇಲೆಯೇ. ಅದಕ್ಕಿಂತ ಒಳ್ಳೆಯ, ಖಾಲಿಯಾದ, ನೇರವಾದ ರಸ್ತೆ ನಮಗೆ ಬೇರೆಲ್ಲಿ ಸಿಗಬೇಕು?

ಒಂದು ವಿಷಯ ಮಾತ್ರ ಸರ್‌ಗೆ ಒಳಗೊಳಗೇ ನೋವು ಕೊಟ್ಟಿರಬೇಕು. ಸಂಜೆಯ ಓಟಕ್ಕೆ ಎಷ್ಟೋ ಸಲ ಅಕ್ಕೋರು ಬರುತ್ತಿದ್ದರು. ಬಂದವರು ಹೊರಳುವ ಕುರ್ಚಿಯನ್ನು ಬಿಟ್ಟು ಹಿಂದಿನ ಸೀಟಿಗೇ ಹೋಗಿ, ಕಷ್ಟಪಟ್ಟು ಕಾಲು ಒಳಗೆ ಎಳೆದುಕೊಂಡು ಕೂಡುತ್ತಿದ್ದರು. ಮಮ್ತಾಜ ಒಮ್ಮೆ ಮುಂದೆ ಬರಲು ಕರೆದಾಗ ಅವರು ಹೇಳಿದ್ದು ಇಷ್ಟು:

“ಅದು ಕೈಲಾಗದವರ ಕುರ್ಚಿ ಅಂತಲ್ಲವಾ. ನನಗ್ಯಾಕ? ನಾ ಏನ್ ಕೈಲಾಗದಾಕಿ ಆಗೀನೇನು?”

ಸರ್ ಆಗ ಟೈರಿನ ಗಾಳಿ ನೋಡುತ್ತಿದ್ದರು. ನೋಡುತ್ತಲೇ ಇದ್ದರು.

ಕಾರಿನ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ವಿದ್ಯುತ್ ಗಾಡಿಗಳನ್ನು ತಯಾರಿಸುವ ಕಂಪನಿಯೊಂದರ ತಾಂತ್ರಿಕ ಮುಖ್ಯಸ್ಥ ನಸೀರುದ್ದೀನ ಅವರು ನೋಡಲು ಬಂದರು. ಮೂಲತಃ ಯಾದಗಿರಿಯವರೇ, ನೇರ ಮಾತಿನವರು. ಕಾಲುವೆ ದಂಡೆಯ ಮೇಲಿನ ಓಟಕ್ಕೆ ಅವರು ಒಪ್ಪಲಿಲ್ಲ. ಕಾರು ಕೊಳ್ಳುವವರು ಕಾಲುವೆಯ ಮೇಲೆ ಇರುವುದಿಲ್ಲ, ಪೇಟೆಯಲ್ಲಿ ಇರುತ್ತಾರೆ, ಸುರಪುರದ ಪೇಟೆಯಲ್ಲಿ ಓಡಿಸಿ ತೋರಿಸಿ ಎಂದರು. ಬ್ಯಾಟರಿ ಉಳಿಯಲೆಂದು ನಾವು ಕಾರನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಏರಿಸಿ ರಂಗಂಪೇಟೆಗೆ ತಂದು ಇಳಿಸಿದೆವು. ಸರ್ ಚಾಲಕರ ಜಾಗದಲ್ಲಿ ಕುಳಿತರು, ನಸೀರುದ್ದೀನ ಹೊರಳುವ ಕುರ್ಚಿಯಲ್ಲಿ, ಹಿಂದೆ ಮಮ್ತಾಜ, ನಾನು ಮತ್ತು ಅಕ್ಕೋರು. ಅಲ್ಲಿಂದ ಸುರಪುರದ ಕಡೆಗೆ ರಸ್ತೆ ಗುಡ್ಡದ ಮೈ ಹಿಡಿದು ಏರುತ್ತದೆ.

ಅರ್ಧ ಏರಿನಲ್ಲಿ ಕಾರು ನಿಂತಿತು.

ಏರಿನ ಭಾರಕ್ಕೆ ಬಿಸಿಯೇರಿದ ಮೋಟಾರು ತನ್ನನ್ನು ತಾನು ಉಳಿಸಿಕೊಳ್ಳಲು ನಿಂತುಬಿಡುವ ಹಾಗೆ ನಾವೇ ವ್ಯವಸ್ಥೆ ಮಾಡಿದ್ದೆವು. ಅದು ತನ್ನ ಕೆಲಸ ಮಾಡಿತು. ಕೈ ಬ್ರೇಕು ಎಳೆದರೆ ಹಿಡಿಯಲಿಲ್ಲ. ಸಮತಟ್ಟಾದ ದಂಡೆಯ ಮೇಲೆ ಅದು ಎಂದೂ ಬೇಕಾಗಿರಲಿಲ್ಲ, ಆದ್ದರಿಂದ ಯಾರೂ ಅದನ್ನು ಸರಿಯಾಗಿ ಪರೀಕ್ಷಿಸಿರಲಿಲ್ಲ. ಸರ್ ಕಾಲಿನ ಬ್ರೇಕನ್ನು ಒತ್ತಿ ಹಿಡಿದು ಕುಳಿತರು. ಮಮ್ತಾಜ ಒಂದು ಕಡೆಯಿಂದ ಇಳಿದು ಗಾಲಿಗೆ ಕೊಡಲು ಕಲ್ಲು ಹುಡುಕತೊಡಗಿದಳು. ಇನ್ನೊಂದು ಕಡೆಯ ಬಾಗಿಲನ್ನು ಅಕ್ಕೋರು ತೆರೆದಿದ್ದರು. ಇಳಿದು ತಾವೂ ಕಲ್ಲು ಕೊಡುತ್ತೇನೆ ಎನ್ನುತ್ತ ಕೋಲನ್ನು ಹೊರಗೆ ಚಾಚಿದ್ದರು.

“ತಡಿ,” ಎಂದರು ಸರ್. “ಇಳೀಬ್ಯಾಡ. ನಾ ಬಂದು ಇಳಸ್ತೀನಿ.”

ಅವರ ದನಿ ಅಷ್ಟು ಏರಿದ್ದನ್ನು ನಾನು ಅದಕ್ಕಿಂತ ಮೊದಲೂ ಕೇಳಿರಲಿಲ್ಲ, ನಂತರವೂ ಕೇಳಿಲ್ಲ. ಅಕ್ಕೋರು ಏನೋ ಹೇಳಲು ಬಾಯಿ ತೆರೆದವರು, ಕನ್ನಡಿಯಲ್ಲಿ ಪತಿಯ ಮುಖ ನೋಡಿ ಕೋಲನ್ನು ಒಳಗೆ ಎಳೆದುಕೊಂಡರು. ಗಾಲಿಗಳಿಗೆ ಕಲ್ಲು ಬಿದ್ದ ಮೇಲೆ ಸರ್ ಕೆಳಗಿಳಿದರು. ಪಕ್ಕದಲ್ಲಿದ್ದ ಅತಿಥಿಯ ಕಡೆಗೆ ಹೋಗಲಿಲ್ಲ, ಮೋಟಾರಿನ ಕಡೆಗೂ ಹೋಗಲಿಲ್ಲ. ನೇರವಾಗಿ ಹಿಂದಿನ ಬಾಗಿಲಿಗೆ ಬಂದು ಪತ್ನಿಯ ಎರಡೂ ಕೈ ಹಿಡಿದು ಇಳಿಸಿ, ಅವರು ನೆಲದ ಮೇಲೆ ಗಟ್ಟಿಯಾಗಿ ನಿಂತರೋ ಇಲ್ಲವೋ ನೋಡಿ, ಆಮೇಲೆ ನಸೀರುದ್ದೀನರ ಕಡೆ ತಿರುಗಿದರು.

ಅಷ್ಟರಲ್ಲಿ ಮಂದಿ ಸೇರಿದ್ದರು. ರಸ್ತೆಯ ಪಕ್ಕದಲ್ಲಿ ತರಕಾರಿ ಮಾರುವ ಅಂಬವ್ವ ಬದನೆಕಾಯಿಗೆ ನೀರು ಚಿಮುಕಿಸುತ್ತ ಎಲ್ಲವನ್ನೂ ನೋಡಿದ್ದಳು. ಈ ಗಾಡಿ ಎಲ್ಲಿ ಓಡುತ್ತಿತ್ತು ಎಂದು ಕೇಳಿದಳು. ಕಾಲುವೆ ದಂಡೆಯ ಮೇಲೆ ಎಂದು ಯಾರೋ ಹೇಳಿದರು.

“ಹಂಗಂದ್ರ ಸರಿ ಬಿಡ್ರಿ,” ಎಂದಳು ಅಂಬವ್ವ. “ನಿಮ್ ಗಾಡಿಗಿ ಕೆನಾಲ್ ನೀರಿನ ಗುಣ ಬಂದಾದ. ಇಳಿಯೂದಷ್ಟೇ ಗೊತ್ತು, ಏರೂದು ಗೊತ್ತಿಲ್ಲ.”

ಎಲ್ಲರೂ ನಕ್ಕರು. ಸರ್ ಕೂಡ ನಕ್ಕರು. ನಗುತ್ತಿದ್ದವರು ನಡುವೆ ನಿಲ್ಲಿಸಿ ಮಮ್ತಾಜಳ ಮುಖ ನೋಡಿದರು, ಅವಳು ನನ್ನ ಮುಖ ನೋಡಿದಳು. ಮೈಲಿಗಟ್ಟಲೆ ನಡೆದರೂ ಒಂದು ಮೊಳ ಇಳಿಯದ ಹಾಗೆ ಕಟ್ಟಿದ ದಂಡೆಯ ಮೇಲೆ ನಾವು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದೆವು. ಕೆಸರನ್ನು ಲೆಕ್ಕಕ್ಕೆ ಹಿಡಿದಿದ್ದೆವು, ಬಿಸಿಲನ್ನು ಹಿಡಿದಿದ್ದೆವು, ಏರನ್ನು ಹಿಡಿದಿರಲಿಲ್ಲ. ಕಾಲುವೆಯ ಪಕ್ಕದಲ್ಲಿಯೇ ಬದುಕಿದ ನಮ್ಮಂಥವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಏರು ಎಂಬುದೊಂದು ಇದೆ ಎನ್ನುವುದನ್ನೇ ನಾವು ಮರೆತಿದ್ದೆವು.

ನಸೀರುದ್ದೀನ ಅವರು ಆ ದಿನವೇ ತಿರಸ್ಕರಿಸಿ ಹೋಗಲಿಲ್ಲ. ಪಾಲಿಟೆಕ್ನಿಕ್‌ಗೆ ಬಂದು ಕುಳಿತು ಮಾತಾಡಿದರು. ಗಾಡಿಯ ತೂಕ ಇಳಿಸಬೇಕು, ದುಂಡಗಿನ ಗಾಜು ಬೇಡ, ಸೌರಫಲಕ ಬೇಡ, ಕಟ್ಟಿಗೆ ಬೇಡ. ಸರ್ ಒಂದೊಂದಕ್ಕೂ ಆಗಲಿ ಎಂದರು. ಕೊನೆಗೆ ನಸೀರುದ್ದೀನ ಹೊರಳುವ ಕುರ್ಚಿಗೆ ಬಂದರು. ಅದರ ಅಡಿಯ ಉಕ್ಕಿನ ಚೌಕಟ್ಟೇ ಎಲ್ಲಕ್ಕಿಂತ ಭಾರ, ಅದನ್ನು ತೆಗೆದರೆ ಇದೇ ಮೋಟಾರು ಹೆಚ್ಚುಕಡಿಮೆ ಏರು ಹತ್ತೀತು, ಮುಂದಿನ ವರ್ಷವೇ ತಯಾರಿಕೆ ಆರಂಭಿಸಬಹುದು ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಾರು ಕಾರ್ಖಾನೆಗೆ ಹೋಗುವುದಕ್ಕೂ ಹೋಗದಿರುವುದಕ್ಕೂ ನಡುವೆ ಉಳಿದಿದ್ದು ಆ ಒಂದು ಕುರ್ಚಿ.

ಸರ್ ಚಹಾದ ಕಪ್ಪನ್ನು ಕೆಳಗಿಟ್ಟರು. ಆಮೇಲೆ, “ಕುರ್ಚಿ ಇರ್ತದ್ರಿ,” ಎಂದರು.

“ಸಿಟ್ಟಿಗೇಳಬ್ಯಾಡ್ರಿ ಸರ,” ಎಂದರು ನಸೀರುದ್ದೀನ. “ಅದು ಯಾರ ಸಲುವಾಗಿ, ಹೇಳ್ರಿ ನನಗ.”

“ಇಳಿಯಾಕ ತ್ರಾಸ ಇದ್ದವರ ಸಲುವಾಗ್ರಿ.”

“ಅಂಥವರು ಎಷ್ಟ ಮಂದಿ ಕಾರ್ ತೊಗೋತಾರ್ರಿ?”

“ಒಬ್ರಿದ್ರೂ ಸಾಕಲ್ರಿ.”

ನಸೀರುದ್ದೀನ ಚಹಾ ಮುಗಿಸಿ ಎದ್ದರು. ಅದಾದ ಮೇಲೆ ಕಂಪನಿಯಿಂದ ಯಾವ ಸುದ್ದಿಯೂ ಬರಲಿಲ್ಲ. ಆಮೇಲೆ ರೋಗದ ಭಯದಿಂದ ಎಲ್ಲವೂ ಮುಚ್ಚಿದ ಕಾಲ ಬಂತು. ಶೆಡ್ಡಿನಲ್ಲಿ ಕಾರಿನ ಮೇಲೆ ಹಾಕಿದ್ದ ಹೊದಿಕೆಯ ಮೇಲೆ ಧೂಳು ಕೂತಿತು. ಸರ್ ಅವರ ನಿವೃತ್ತಿ ಹತ್ತಿರ ಬರುತ್ತಿತ್ತು. ಆ ದಿನಗಳಲ್ಲಿ ನನಗೆ ಅವರ ಹಟ ಅರ್ಥವಾಗಲಿಲ್ಲ ಎಂಬುದು ನಿಜ. ಒಂದು ಕುರ್ಚಿಗಾಗಿ ಕಾರನ್ನೇ ಬಿಟ್ಟುಕೊಡುವ ಲೆಕ್ಕ ಯಂತ್ರಶಿಲ್ಪದ ಲೆಕ್ಕವಲ್ಲ.

ಬೀಗ ತೆರೆದ ಮೊದಲ ವಾರವೇ ಅವರು ಶೆಡ್ಡಿಗೆ ಬಂದರು. ಡಿಪ್ಲೊಮಾ ಮುಗಿಸಿ ಎಂಜಿನಿಯರಿಂಗ್ ಓದುತ್ತಿದ್ದ ಮಮ್ತಾಜ ಕೂಡ ಊರಿನಲ್ಲಿಯೇ ಇದ್ದಳು, ಅವಳೂ ಬಂದಳು. ಈ ಸಲದ ದಾರಿ ಸರ್ ಅವರದೇ. ಮೋಟಾರಿಗೂ ಗಾಲಿಗೂ ನಡುವೆ ಇನ್ನೊಂದು ಜೋಡಿ ಗೇರು ಹಾಕಿ, ವೇಗವನ್ನು ಕಡಿಮೆ ಮಾಡಿ ಏರುವ ಬಲವನ್ನು ಹೆಚ್ಚಿಸಿದರು. ಕಾಲುವೆಯ ಭಾರವಾದ ಗೇಟನ್ನು ಒಬ್ಬನೇ ಮನುಷ್ಯ ಕೈಯಿಂದ ತಿರುವಿ ಎತ್ತುವುದು ಇದೇ ಉಪಾಯದಿಂದ. ನಿಧಾನವಾಗಿ ಎತ್ತುತ್ತಾನೆ, ಆದರೆ ಎತ್ತುತ್ತಾನೆ. ಕಾರು ನಿಧಾನವಾಗುತ್ತದೆ ಎಂದು ನಾನು ಹೇಳಿದೆ. ಶಹಾಪುರದಲ್ಲಿ ಅವಸರ ಇರುವವರು ಮೋಟರ್ ಸೈಕಲ್ ತೆಗೆದುಕೊಳ್ಳಲಿ ಎಂದರು ಸರ್.

ಕುರ್ಚಿಯ ಕೆಲಸವನ್ನು ಮಮ್ತಾಜ ವಹಿಸಿಕೊಂಡಳು. ಭಾರದ ಚೌಕಟ್ಟನ್ನು ತೆಗೆದು, ಒಂದೇ ಗಟ್ಟಿ ತಿರುಗಣಿಯ ಮೇಲೆ ಕುರ್ಚಿ ನಿಲ್ಲುವ ಹಾಗೆ ಮಾಡಿದಳು. ಪ್ರತಿ ಸುಧಾರಣೆಯ ನಂತರ ಅವಳು ತನ್ನ ಅಜ್ಜಿ ಮಸ್ತಾನಬಿಯವರನ್ನು ಕರೆತಂದು ಕೂಡಿಸುತ್ತಿದ್ದಳು. ಮಂಡಿ ಹಿಡಿದುಕೊಂಡೇ ನಡೆಯುವ ಆ ಅಜ್ಜಿ ಮೂರನೆಯ ಸಲ ಕುಳಿತಾಗ ಕುರ್ಚಿ ಸಲೀಸಾಗಿ ಹೊರಳಿತು, ಅವರು ಯಾರನ್ನೂ ಹಿಡಿಯದೆ ಎದ್ದು ನಿಂತರು.

“ಮದಿವ್ಯಾಗ ಕೂಡಿಸಿದ್ ಕುರ್ಚಿಗಿಂತ ಇದು ಚಲೋ ಅದ ಬೇಟಿ,” ಎಂದರು. “ಅದರಾಗ ಕುಂತ್ರ ಹೊಳ್ಳಾಕ ಬರ್ತಿರಲಿಲ್ಲ.”

ಸರ್ ಗೋಡೆಯ ಕಡೆ ತಿರುಗಿ ನಕ್ಕರು.

ರಂಗಂಪೇಟೆಯ ಏರನ್ನು ಕಾರು ಮೊದಲ ಸಲ ಹತ್ತಿದ ದಿನ ನಾವು ಯಾರನ್ನೂ ಕರೆದಿರಲಿಲ್ಲ. ಸರ್ ಎಂದಿನಂತೆ ಪಕ್ಕದಲ್ಲಿ ನಡೆದರು. ಅರ್ಧ ಏರಿನಲ್ಲಿ, ಹಿಂದೆ ನಿಂತುಹೋಗಿದ್ದ ಜಾಗದಲ್ಲಿ, ಮಮ್ತಾಜಳಿಗೆ ಬೇಕೆಂದೇ ನಿಲ್ಲಿಸಲು ಹೇಳಿದರು. ಕೈ ಬ್ರೇಕು ಹಿಡಿಯಿತು. ಮತ್ತೆ ಹೊರಡಲು ಹೇಳಿದರು. ಕಾರು ಹೊರಟಿತು. ಅಂಬವ್ವ ಅಂದೂ ಅಲ್ಲಿಯೇ ಇದ್ದಳು. ಈ ಸಲ ಒಂದು ಬೊಗಸೆ ಹಸಿಮೆಣಸಿನಕಾಯಿಯನ್ನು ಕಾರಿನ ಕಿಟಕಿಯೊಳಗೆ ಸುರಿದಳು.

ಆ ಓಟದ ಚಿತ್ರವನ್ನು ನಾನು ಫೋನಿನಲ್ಲಿ ತೆಗೆದಿದ್ದೆ, ಮಮ್ತಾಜ ಅದನ್ನು ನಸೀರುದ್ದೀನರಿಗೆ ಕಳಿಸಿದಳು. ಆ ಏರನ್ನು ಅವರೂ ಮರೆತಿರಲಿಲ್ಲ. ಹೊಸ ತಿರುಗಣಿಯ ತೂಕ ನೋಡಿ, ಕುರ್ಚಿಯ ಬಗ್ಗೆ ಅವರು ಮತ್ತೆ ಆಕ್ಷೇಪ ತೆಗೆಯಲಿಲ್ಲ. ವೇಗದ ಬಗ್ಗೆ ಮಾತ್ರ ಗೊಣಗಿದರು. ಸರ್ಕಾರದ ಪರೀಕ್ಷಾ ಕೇಂದ್ರದಲ್ಲಿ ಮೊದಲ ಸಲ ಕುರ್ಚಿಯೇ ಸೋತಿತು. ಡಿಕ್ಕಿಯ ಪರೀಕ್ಷೆಯಲ್ಲಿ ತಿರುಗಣಿಯ ಕೊಂಡಿ ಕಳಚಿಕೊಂಡಿತ್ತು. ನಸೀರುದ್ದೀನ ಫೋನು ಮಾಡಿ, ಈಗಲಾದರೂ ಬಿಟ್ಟುಬಿಡೋಣವೇ ಎಂದು ಮೆಲ್ಲಗೆ ಕೇಳಿದರಂತೆ. ಸರ್ ಫೋನನ್ನು ಮಮ್ತಾಜಳ ಕೈಗೆ ಕೊಟ್ಟರು. ಅವಳು ಎರಡು ಕೊಂಡಿ ಹಾಕಿಕೊಡುತ್ತೇನೆ, ಒಂದು ತಿಂಗಳು ಕೊಡಿ ಎಂದಳು. ಎರಡನೆಯ ಸಲ ಕುರ್ಚಿ ಅಲ್ಲಾಡಲಿಲ್ಲ. ಆ ಕೆಲಸವನ್ನು ನೋಡಿಯೇ ಕಂಪನಿ ಅವಳನ್ನು ಕೆಲಸಕ್ಕೆ ಕರೆದುಕೊಂಡಿತು. ಇಂದು ನಮ್ಮ ಜಿಲ್ಲೆಯದೇ ಆದ ಕಡೇಚೂರಿನ ಕೈಗಾರಿಕಾ ಪ್ರದೇಶದ ಶೆಡ್ಡಿನಲ್ಲಿ ಕಾರಿನ ಜೋಡಣೆಯ ಉಸ್ತುವಾರಿ ಅವಳದೇ. ನಮ್ಮ ಪಾಲಿಟೆಕ್ನಿಕ್‌ನ ಇನ್ನೂ ಹಲವು ಮಕ್ಕಳು ಅಲ್ಲಿದ್ದಾರೆ. ಯಾದಗಿರಿಯಿಂದ ಕೆಲಸ ಹುಡುಕಿಕೊಂಡು ಹೊರಗೆ ಹೋಗುವವರ ನಡುವೆ, ಕೆಲಸ ಹುಡುಕಿಕೊಂಡು ಯಾದಗಿರಿಗೆ ಬರುವವರನ್ನೂ ನಾನು ಈಗ ನೋಡುತ್ತಿದ್ದೇನೆ.

ಈ ಲೇಖನಕ್ಕಾಗಿ ವಿವರ ಕೇಳಲು ಶಹಾಪುರದ ಅವರ ಮನೆಗೆ ಹೋದಾಗ ಸರ್ ಕಡೇಚೂರಿಗೆ ಹೋಗಿದ್ದರು. ಅಕ್ಕೋರು ಶೇಂಗಾ ಸುಲಿಯುತ್ತ ಕುಳಿತಿದ್ದರು. ಕಾಲಿನ ವಿಷಯ ನಾನು ಕೇಳಲಿಲ್ಲ, ಅವರೇ ತೆಗೆದರು. ಮದುವೆಯಾದ ವರ್ಷ, ಕಾಲುವೆಗೆ ಹೊಸದಾಗಿ ನೀರು ಬಿಟ್ಟಿದ್ದನ್ನು ತೋರಿಸಲು ಸರ್ ಅವರನ್ನು ಕ್ಯಾಂಪಿನ ಜೀಪಿನಲ್ಲಿ ದಂಡೆಯ ಮೇಲೆ ಕರೆದುಕೊಂಡು ಹೋಗಿದ್ದರಂತೆ. ಹಸಿ ಮಣ್ಣಿನಲ್ಲಿ ಒಂದು ಗಾಲಿ ಹೂತು ಜೀಪು ವಾಲಿತು. ಎತ್ತರದ ಜೀಪು, ಕೆಳಗೆ ಇಳಿಜಾರು.

“ತಡಿ, ನಾ ಬಂದು ಇಳಸ್ತೀನಿ ಅಂದ್ರು. ನನಗೆಲ್ಲಿ ತಡಿಯೂದು, ನೀರ ನೋಡೂ ಹುರುಪು. ಹಾರಿಬಿಟ್ಟೆ,” ಎಂದರು ಅಕ್ಕೋರು. “ಸೊಂಟದ ಎಲುವು ಮುರೀತು. ಹಾರಿದಾಕಿ ನಾನ, ತಮ್ಮ. ಅವರದೇನೂ ತಪ್ಪಿಲ್ಲ. ಅಂದಿನಿಂದ ಅವರು ಆ ಮಾತ ತೆಗದಿಲ್ಲ. ನಾನೂ ತೆಗದಿಲ್ಲ.”

ಅವರು ಮತ್ತೆ ಶೇಂಗಾ ಸುಲಿಯತೊಡಗಿದರು. ನಾನು ಆ ಏರಿನಲ್ಲಿ ಕೇಳಿದ್ದ ದನಿಯನ್ನು ನೆನೆಯುತ್ತ ಕುಳಿತೆ. ಅಂದು ಸರ್ ಬ್ರೇಕಿನ ಮೇಲೆ ಕಾಲಿಟ್ಟು ಕುಳಿತಿದ್ದಾಗ, ಹೆಂಡತಿ ಕೋಲನ್ನು ಹೊರಗೆ ಚಾಚಿದಾಗ, ಅವರು ಇದ್ದಿದ್ದು ರಂಗಂಪೇಟೆಯಲ್ಲಿ ಅಲ್ಲ. ಅವರು ಇಷ್ಟು ವರ್ಷಗಳಲ್ಲಿ ಕಟ್ಟಿದ್ದು ಕಾರನ್ನು ಎಂದು ನಾವು ತಿಳಿದಿದ್ದೆವು. ಅವರು ಕಟ್ಟುತ್ತಿದ್ದದ್ದು ವಾಲದ, ಎತ್ತರವಿಲ್ಲದ, ಹಾರದೆ ಇಳಿಯಬಹುದಾದ ಒಂದು ಜಾಗವನ್ನು.

ಕಳೆದ ಮೇ ತಿಂಗಳಲ್ಲಿ, ನಿವೃತ್ತಿಗೆ ಕೆಲವೇ ದಿನ ಇರುವಾಗ, ಕಾರ್ಖಾನೆಯಿಂದ ಹೊರಬಂದ ಮೊದಲ ಕಾರನ್ನು ಮಮ್ತಾಜ ಓಡಿಸಿಕೊಂಡು ಸರ್ ಮನೆಯ ಮುಂದೆ ತಂದು ನಿಲ್ಲಿಸಿದಳು. ಓಣಿಯವರೆಲ್ಲ ಸೇರಿದ್ದರು. ಸರ್ ಚಾಲಕರ ಜಾಗದಲ್ಲಿ ಕುಳಿತರು. ಅಕ್ಕೋರು ರೂಢಿಯಂತೆ ಹಿಂದಿನ ಬಾಗಿಲಿನ ತನಕ ಹೋದರು. ಕೋಲಿನಿಂದ ಬಾಗಿಲನ್ನು ಒಮ್ಮೆ ತಟ್ಟಿದರು. ಆಮೇಲೆ ತಿರುಗಿ ಬಂದು, ಮುಂದಿನ ಬಾಗಿಲು ತಾವೇ ತೆರೆದು, ಕುರ್ಚಿಯನ್ನು ಹೊರಕ್ಕೆ ಹೊರಳಿಸಿ ಅದರಲ್ಲಿ ಕುಳಿತು, ತಾವೇ ಒಳಕ್ಕೆ ಹೊರಳಿಕೊಂಡರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅದೇ ಒಳ್ಳೆಯದಾಯಿತು. ಕಾರು ಸದ್ದಿಲ್ಲದೆ ಸುರಪುರದ ರಸ್ತೆ ಹಿಡಿಯಿತು, ನಾನೂ ಮಮ್ತಾಜಳೂ ಹಿಂದೆ ಕುಳಿತಿದ್ದೆವು. ರಂಗಂಪೇಟೆಯ ಏರು ಹತ್ತಿ ಮೇಲೆ ನಿಂತಾಗ ಸರ್ ಅವಸರದಿಂದ ಇಳಿದು, ಕಾರಿನ ಮುಂದಿನಿಂದ ಸುತ್ತಿ ಎಡಗಡೆಗೆ ಧಾವಿಸಿದರು. ಅಷ್ಟರಲ್ಲಿ ಕುರ್ಚಿ ಹೊರಳಿತ್ತು.

“ಬ್ಯಾಡ್ರಿ,” ಎಂದರು ಅಕ್ಕೋರು, ನೆಲದ ಮೇಲೆ ನಿಂತು ಸೆರಗು ಸರಿಮಾಡಿಕೊಳ್ಳುತ್ತ. “ಇಳದೀನಿ.”

ಚಾಚಿದ್ದ ಕೈಗಳನ್ನು ಏನು ಮಾಡಬೇಕೆಂದು ತೋಚದೆ ಸರ್ ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗುಡ್ಡದ ಆಚೆ ದೂರದಲ್ಲಿ ಹಸಿರಾಗಿ ಕಾಣುವ ಕಾಲುವೆಯ ಸೀಮೆಯನ್ನು ನೋಡುತ್ತ ನಿಂತರು.

ಅವರು ಇನ್ನೂ ಬಹುಕಾಲ ಹೀಗೆ ನಿಂತು ನೋಡುವಂತಾಗಲಿ. ಶೆಡ್ಡಿನ ಬೀಗದ ಕೈ ಈಗಲೂ ಅವರ ಬಳಿಯೇ ಇದೆ, ಅದನ್ನು ವಾಪಸು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರದಿರಲಿ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳಿಗಾಗಿ ಟಂಟಂ ಆಟೋಗಿಂತ ತಗ್ಗಾದ, ಏರಲು ಹ್ಯಾಂಡಲ್ ಇರುವ ಗಾಡಿಯೊಂದನ್ನು ಅವರು ಈಗ ಸುಣ್ಣದಿಂದ ನೆಲದ ಮೇಲೆ ಗೀಚುತ್ತಿದ್ದಾರೆ. ಆ ಗಾಡಿಯ ಪಕ್ಕದಲ್ಲಿಯೂ ಅವರು ಕಿವಿಗೊಟ್ಟು ನಡೆಯುವಷ್ಟು ಕಾಲಿನ ಬಲ, ಅಕ್ಕೋರ ಜೊತೆ, ನಮ್ಮಂಥವರಿಗಾಗಿ ಕಾಯುವ ಅದೇ ತಾಳ್ಮೆ ಅವರಿಗೆ ನೂರು ವರ್ಷ ಇರಲಿ.

ಜೀಪಿನ ಸಂಗತಿಯನ್ನು ಗ್ರಂಥದಲ್ಲಿ ಬರೆಯಬಹುದೇ ಎಂದು ಅಂದು ಅವರ ಮನೆಯಿಂದ ಹೊರಡುವಾಗ ನಾನು ಅಕ್ಕೋರನ್ನು ಕೇಳಿದ್ದೆ. ಅವರು ಶೇಂಗಾದ ಸಿಪ್ಪೆಯನ್ನು ಸೆರಗಿನಿಂದ ಝಾಡಿಸಿ ಎದ್ದರು.

“ಬರಿ ತಮ್ಮ,” ಎಂದರು. “ಅವರಂತೂ ಹೇಳಂಗಿಲ್ಲ.”

ಆ ಕುರ್ಚಿಯನ್ನು ದೇವಕಮ್ಮನವರಿಗಾಗಿ ಮಾಡಿದ್ದು ಎಂದು ಮರಿಲಿಂಗಪ್ಪ ಸರ್ ನಮಗಾಗಲಿ, ಅವರಿಗಾಗಲಿ, ಎಂದೂ ಹೇಳಲಿಲ್ಲ.